ಮೂರು ಸಾವಿರದ ಆಟಗಾರ

2024ರ ದಸರೆ ಮುಗಿದ ಮೇಲೆ ಹೊಸಪೇಟೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇತ್ತು. ರಾತ್ರಿ ಹನ್ನೊಂದರವರೆಗೆ ಬಯಲಿನಲ್ಲಿ ಕೂರುವ ವಯಸ್ಸು ನನ್ನದಲ್ಲ. ಆದರೂ ಮಫ್ಲರ್ ಸುತ್ತಿಕೊಂಡು ಹೋದೆ. ಕಂಪ್ಲಿಯ ತಂಡದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಡುತ್ತಾನೆಂದು ಕೇಳಿದ್ದೆ. ಹೋಗಿ ನೋಡಿದರೆ ಹುಡುಗ ಅಂಕಣದಲ್ಲೇನೋ ಇದ್ದ, ಆದರೆ ಕಂಪ್ಲಿಯ ಕಡೆ ಇರಲಿಲ್ಲ. ಎದುರಿಗಿದ್ದ ಸಂಡೂರು ಕಡೆಯ ಹಳ್ಳಿಯ ಅಂಗಿ ತೊಟ್ಟು ನಿಂತಿದ್ದ.

ಅವನ ತಂದೆ ಟ್ರ್ಯಾಕ್ಟರ್ ಓಡಿಸುವವರು. ಜನರ ನಡುವೆ ಕಂಡರು. "ಇದೇನ್ರೀ, ನಿಮ್ಮ ಹುಡುಗ ಆ ಕಡೆ ನಿಂತಾನೆ?" ಎಂದೆ.

"ಮೂರು ಸಾವಿರ ಕೊಟ್ಟಾರ್ರಿ ಸಾರ್. ಊಟ, ಬಸ್ ಚಾರ್ಜು ಬ್ಯಾರೆ," ಎಂದರು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ನಾಚಿಕೆಯೂ ಇತ್ತು. ದನಿಯನ್ನು ತಗ್ಗಿಸಿಯೇ ಹೇಳಿದರು.

ನಮ್ಮ ಸೀಮೆಯ ಪಂದ್ಯಾವಳಿಗಳಲ್ಲಿ ಹೊರಗಿನ ಆಟಗಾರರನ್ನು ಒಂದು ರಾತ್ರಿಯ ಮಟ್ಟಿಗೆ ಕರೆತರುವುದು ಹೊಸದಲ್ಲ. ಆದರೆ ನಾನು ಪಾಠ ಹೇಳಿದ ಹುಡುಗನೊಬ್ಬ ತನ್ನೂರಿನ ಎದುರೇ ತೊಡೆ ತಟ್ಟುವುದನ್ನು ನೋಡಿದ್ದು ಅದೇ ಮೊದಲು. ಕೊನೆಯ ರೈಡಿನಲ್ಲಿ ಎರಡು ಪಾಯಿಂಟ್ ತಂದು ಸಂಡೂರಿನವರನ್ನು ಗೆಲ್ಲಿಸಿದ. ಅವನ ಜೊತೆ ಕಾಲುವೆಯಲ್ಲಿ ಈಜು ಕಲಿತ ಹುಡುಗರು ಕೈ ಕುಲುಕದೆ ಹೊರಟರು. "ಮಾರ್ಕೊಂಡ್ಯೇನಲೇ?" ಎಂದು ಕತ್ತಲಲ್ಲಿ ಯಾರೋ ಕೂಗಿದರು.

ನಾನು ಬೇರೊಬ್ಬನನ್ನೂ ನೋಡಿದೆ. ಗೆದ್ದ ತಂಡದ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗ ಕೂತಿದ್ದ, ಅಂಗಿಯ ಇಸ್ತ್ರಿ ಸಹ ಮುರಿದಿರಲಿಲ್ಲ. ಆ ಹಳ್ಳಿಯವನೇ ಅವನು. ನಮ್ಮ ಹುಡುಗ ಬಂದದ್ದರಿಂದ ಹೊರಗೆ ಉಳಿದವನು. ಗೆಲುವಿನ ಗಲಾಟೆಯಲ್ಲಿ ಅವನೂ ಕುಣಿದ, ಆದರೆ ಎಲ್ಲರಿಗಿಂತ ಮೊದಲೇ ನಿಲ್ಲಿಸಿದ.

ವಾಪಸು ಬರುವಾಗ ನಮ್ಮ ಹುಡುಗ ಕೇಳಿದ: "ಸಾರ್, ನಾನು ಮಾಡಿದ್ದು ತಪ್ಪಾ?" ಅವನಪ್ಪನ ಪ್ರಶ್ನೆ ಬೇರೆ: "ಇವನ ರೇಟು ಮುಂದ ಎಷ್ಟಾಗ್ತದ್ರಿ?" ನನಗೆ ಎರಡಕ್ಕೂ ಉತ್ತರ ಹೊಳೆಯಲಿಲ್ಲ. ಹೊಳೆಯದ್ದಕ್ಕೆ ಒಂದು ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಹುಡುಗ ಮಾಡಿದ್ದನ್ನೇ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹಕ್ಕೆಂದು ಎಣಿಸುತ್ತಾರೆ. ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡ ಸೇರಬಹುದು. ಆ ಹಕ್ಕು ಪುಕ್ಕಟೆ ಬಂದದ್ದಲ್ಲ. ಹಿಂದೆ ಕರಾರು ಮುಗಿದರೂ ಆಟಗಾರ ಹಳೆಯ ತಂಡದ ಹಿಡಿತದಲ್ಲೇ ಇರುತ್ತಿದ್ದ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಕೋರ್ಟಿಗೆ ಹೋದರು. ರಾಜಿಯಾದದ್ದು 1976ರಲ್ಲಿ. ಅಷ್ಟಾಗಿಯೂ, 2010ರಲ್ಲಿ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟು ಮಯಾಮಿಗೆ ಹೋಗುತ್ತೇನೆಂದು ಟಿವಿಯಲ್ಲಿ ಹೇಳಿದಾಗ ಅವರ ಸ್ವಂತ ಸೀಮೆಯ ಜನ ಅವರ ಹೆಸರಿನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟರು. ಜೇಮ್ಸ್ 2014ರಲ್ಲಿ ವಾಪಸು ಬಂದು 2016ರಲ್ಲಿ ಕಪ್ ಗೆದ್ದುಕೊಟ್ಟಾಗ ಅದೇ ಜನ ಅದೇ ಬೀದಿಗಳಲ್ಲಿ ಕುಣಿದರು. ಕಂಪ್ಲಿಗೂ ಕ್ಲೀವ್‌ಲ್ಯಾಂಡಿಗೂ ಈ ವಿಷಯದಲ್ಲಿ ದೂರ ಕಡಿಮೆ.

ನಮ್ಮ ದೇಶದ ದೊಡ್ಡ ಲೀಗ್‌ಗಳಲ್ಲಿ ಆಯ್ಕೆ ಆಟಗಾರನದಲ್ಲ. ಅಲ್ಲಿ ಹರಾಜು ನಡೆಯುತ್ತದೆ. ನನ್ನ ವಿದ್ಯಾರ್ಥಿ ಹತ್ತನೇ ತರಗತಿ ಮುಗಿಸಿದ 2022ರಲ್ಲಿ ಪ್ರೊ ಕಬಡ್ಡಿ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತಮಿಳ್ ತಲೈವಾಸ್ 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ನಮ್ಮ ಬೆಂಗಳೂರು ಬುಲ್ಸ್‌ಗೆ 2019ರ ಜನವರಿಯ ಫೈನಲಿನಲ್ಲಿ 22 ಪಾಯಿಂಟ್ ತಂದು ಕಪ್ ಗೆದ್ದುಕೊಟ್ಟವರು ಇವರೇ. ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಯಿತು, ಆ ಋತುವೇ ಹೋಯಿತು. ತಂಡ ಮುಳುಗಿತೆಂದು ಎಲ್ಲರೂ ಅಂದುಕೊಂಡರು. ಆದರೆ ನರೇಂದರ್ ಎಂಬ ಹೊಸ ಹುಡುಗ ಆ ಒಂದೇ ಋತುವಿನಲ್ಲಿ 200ಕ್ಕೂ ಹೆಚ್ಚು ರೈಡ್ ಪಾಯಿಂಟ್ ತಂದ. ತಲೈವಾಸ್ ಮೊಟ್ಟಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಮರುವರ್ಷ, 2023ರಲ್ಲಿ, ಪವನ್ ಅವರಿಗೆ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷ 50 ಸಾವಿರ ಕೊಟ್ಟಿತು. ಒಂದು ತಂಡ ಒಟ್ಟು ಖರ್ಚು ಮಾಡಬಹುದಾದದ್ದು 5 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ಪವನ್ ಚೆನ್ನಾಗಿಯೇ ಆಡಿದರು, ತಂಡ ಮಾತ್ರ ಕೊನೆಯ ಸ್ಥಾನದಲ್ಲಿ ನಿಂತಿತು. ಏಳು ಜನರ ಆಟವಲ್ಲವೇ? ಒಬ್ಬ ರೈಡಿಗೆ ಹೋದಾಗ ಹಿಂದೆ ಉಳಿದ ಆರು ಮಂದಿಯನ್ನೂ ಯಾರಾದರೂ ಕೊಳ್ಳಬೇಕು.

ಹರಾಜಿನಲ್ಲಿ ಗೆದ್ದವರು ಹೀಗೆ ಸೋಲುವುದು ಬರೀ ದುರದೃಷ್ಟವೇ ಎಂದು ನೋಡಲು ನಾನೊಂದು ಪ್ರಯೋಗ ಮಾಡಿದೆ. ಗಾಜಿನ ಜಾಡಿಯಲ್ಲಿ ಎಣಿಸಿ 600 ಹುಣಸೆ ಬೀಜ ಹಾಕಿ ಒಂಬತ್ತನೇ ತರಗತಿಗೆ ಒಯ್ದೆ. ಎಷ್ಟಿವೆ ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಗುಟ್ಟಾಗಿ ಬರೆಯಬೇಕು. ಆಮೇಲೆ ಬೀಜಕ್ಕೆ ಒಂದು ರೂಪಾಯಿಯಂತೆ ಸುಳ್ಳು ದುಡ್ಡಿನಲ್ಲಿ ಜಾಡಿಯ ಹರಾಜು. ಚೀಟಿಗಳ ಸರಾಸರಿ ಆರುನೂರಕ್ಕೆ ಬಹಳ ಹತ್ತಿರ ಬಂತು. ಇಡೀ ತರಗತಿ ಸೇರಿದರೆ ಜಾಣತನಕ್ಕೆ ಕೊರತೆಯಿಲ್ಲ. ಹರಾಜು ಮಾತ್ರ 950ಕ್ಕೆ ಮುಗಿಯಿತು! ಹಿಂದಿನ ಬೆಂಚಿನ ಇಬ್ಬರು ಹಟ ಹಿಡಿದಿದ್ದರು. ಜಾಡಿ ಗೆದ್ದವನಿಗೆ 350 ರೂಪಾಯಿ ನಷ್ಟ. ಬೀಜ ಎಣಿಸಿ ತೋರಿಸಿದಾಗ ಅವನ ಮುಖ ಸಣ್ಣದಾಯಿತು, ಎರಡನೆಯವನು ಮೇಜಿನ ಕೆಳಗೆ ತೂರಿಕೊಂಡು ನಕ್ಕ.

ಇದರಲ್ಲಿ ಎರಡು ವಿಷಯಗಳಿವೆ. ಎಲ್ಲರೂ ಅಂದಾಜಿನ ಮೇಲೆ ಕೂಗುವಾಗ ಜಾಡಿ ಹೋಗುವುದು ಅತಿ ಹೆಚ್ಚಿನ ಅಂದಾಜು ಮಾಡಿದವನ ಕೈಗೇ. ತೈಲಬಾವಿಗಳ ಹರಾಜಿನಲ್ಲಿ ಕಂಪನಿಗಳು ಕೈಸುಟ್ಟುಕೊಳ್ಳುವುದನ್ನು ಅಮೆರಿಕದ ಮೂವರು ಎಂಜಿನಿಯರುಗಳು 1971ರಲ್ಲಿ ಹೀಗೆಯೇ ವಿವರಿಸಿದ್ದರು. ಎರಡನೆಯದು, ಬೆಲೆ ಏರಲು ಕನಿಷ್ಠ ಇಬ್ಬರು ಬೇಕು. ಗೆಲ್ಲುವವನು ಎರಡನೆಯವನಿಗಿಂತ ಒಂದು ಹೆಜ್ಜೆ ಮುಂದೆ ನಿಂತರೆ ಸಾಕು. ಎರಡನೆಯವನು ಆ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದರೆ ಅದೇ ಜಾಡಿ, ಅದೇ 600 ಬೀಜ, ಏಳುನೂರಕ್ಕೋ ಎಂಟುನೂರಕ್ಕೋ ಹೋಗುತ್ತಿತ್ತು. ದ್ರವ್ಯರಾಶಿ ಬೇರೆ, ತೂಕ ಬೇರೆ ಎಂದು ನಾವು ಪಾಠ ಮಾಡುತ್ತೇವಲ್ಲ, ಹಾಗೆ. ವಸ್ತು ಅದೇ ಆದರೂ ಚಂದ್ರನ ಮೇಲೆ ತೂಕ ಆರನೇ ಒಂದು ಭಾಗ.

ಇಂಥ ತೂಕದ ಏರಿಳಿತವನ್ನು ಕರುಣ್ ನಾಯರ್ ಅವರಷ್ಟು ಅನುಭವಿಸಿದ ಕನ್ನಡ ನಾಡಿನ ಆಟಗಾರರು ಕಡಿಮೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಭಾರತಕ್ಕೆ ತ್ರಿಶತಕ ಹೊಡೆದ ಎರಡನೆಯವರು. 2018ರ ಐಪಿಎಲ್ ಹರಾಜಿನಲ್ಲಿ 5 ಕೋಟಿ 60 ಲಕ್ಷ. ಮುಂದೆ ಕರ್ನಾಟಕ ತಂಡದಲ್ಲೇ ಜಾಗ ಹೋಯಿತು. ಕ್ರಿಕೆಟ್ ತನಗೆ ಇನ್ನೊಂದು ಅವಕಾಶ ಕೊಡಲೆಂದು 2022ರ ಕೊನೆಯಲ್ಲಿ ಬಹಿರಂಗವಾಗಿಯೇ ಬೇಡಿಕೊಂಡರು. ಅದೇ ತಿಂಗಳ ಹರಾಜಿನಲ್ಲಿ ಯಾರೂ ಕೈ ಎತ್ತಲಿಲ್ಲ. 2023ರಲ್ಲಿ ರಾಜ್ಯ ಬಿಟ್ಟು ವಿದರ್ಭಕ್ಕೆ ಹೋದರು. ಇದನ್ನು ಯಾವ ಹರಾಜೂ ಮಾಡಿಸಲಿಲ್ಲ, ತಾವೇ ಆರಿಸಿಕೊಂಡ ದಾರಿ. ಅಲ್ಲಿ 2024–25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ರಣಜಿ ಫೈನಲಿನಲ್ಲಿ 86 ಮತ್ತು 135, ವಿದರ್ಭಕ್ಕೆ ರಣಜಿ ಟ್ರೋಫಿ. ವಿಜಯ್ ಹಜಾರೆ ಫೈನಲಿನಲ್ಲಿ ಅವರ ವಿದರ್ಭವನ್ನು ಸೋಲಿಸಿದ್ದು ಮಾತ್ರ ಕರ್ನಾಟಕವೇ. ಅಂದು ನಾನು ಯಾರ ಕಡೆ ಇದ್ದೆನೆಂದು ಕೇಳಬೇಡಿ.

ಆ ಸಾಲಿನ ಐಪಿಎಲ್‌ಗೆ ಅವರನ್ನು 50 ಲಕ್ಷಕ್ಕೆ ಕೊಂಡದ್ದು ಡೆಲ್ಲಿ ಕ್ಯಾಪಿಟಲ್ಸ್. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವ ಜಿಂದಾಲ್ ಸಮೂಹವೇ ಆ ತಂಡದ ಪಾಲುದಾರ. 2025ರ ಏಪ್ರಿಲ್ 13ರಂದು ಮುಂಬೈ ವಿರುದ್ಧ 40 ಎಸೆತಗಳಲ್ಲಿ 89 ರನ್. ಆದರೂ ಡೆಲ್ಲಿ ಸೋತಿತು. ಜೂನ್‌ನಲ್ಲಿ, ಎಂಟು ವರ್ಷಗಳ ಮೇಲೆ, ಮತ್ತೆ ಟೆಸ್ಟ್ ಟೋಪಿ. ಸರಣಿಯಲ್ಲಿ ಒಂದೇ ಅರ್ಧಶತಕ ಬಂತು, ಮುಂದಿನ ಸರಣಿಗೆ ತಂಡದಲ್ಲಿ ಹೆಸರಿರಲಿಲ್ಲ. 2025–26ಕ್ಕೆ ಅವರು ಕರ್ನಾಟಕಕ್ಕೇ ಮರಳಿದರು. ಇದರಲ್ಲಿ ಗೆದ್ದವರ ಪಟ್ಟಿಯನ್ನು ಯಾವ ತಾರೀಖಿಗೆ ಬರೆಯುವುದು?

ಕೊಳ್ಳುವವನ ಭಯವೂ ಬೆಲೆಯಲ್ಲಿ ಸೇರಿರುತ್ತದೆ. ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಮಹಾನವಮಿ ದಿಬ್ಬದ ಕುದುರೆಗಳ ಉಬ್ಬುಶಿಲ್ಪದ ಮುಂದೆ ಈ ಕಥೆ ಹೇಳುತ್ತೇನೆ. ಹದಿನಾರನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ಸಾಳುವ ನರಸಿಂಹ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ. ವ್ಯಾಪಾರಿ ಬೇರೆ ಅರಸನ ಬಾಗಿಲಿಗೆ ಹೋಗಬಾರದಲ್ಲ! ಮನುಷ್ಯರನ್ನು ಕುದುರೆಗೆ ಹೋಲಿಸಬಾರದು, ನಿಜ. ಆದರೂ 2021ರಲ್ಲಿ ಚೆನ್ನೈ ತಂಡ ನಮ್ಮ ಕೃಷ್ಣಪ್ಪ ಗೌತಮ್ ಅವರಿಗೆ 9 ಕೋಟಿ 25 ಲಕ್ಷ ಕೂಗಿ ಇಡೀ ಋತು ಒಂದು ಪಂದ್ಯವನ್ನೂ ಆಡಿಸದಿದ್ದಾಗ ನನಗೆ ಆ ದಿಬ್ಬವೇ ನೆನಪಾಯಿತು. ಆ ವರ್ಷ ಕಪ್ ಗೆದ್ದದ್ದೂ ಚೆನ್ನೈಯೇ.

ಈಗ ಆ ಕಾರಣ. 2022ರ ಹರಾಜು ಟಿವಿಯಲ್ಲಿ ನೋಡಿ ಹುಡುಗನ ತಂದೆ ನನ್ನ ಮನೆಗೆ ಬಂದಿದ್ದರು. ಓದು ಬಿಡಿಸಿ ಕಬಡ್ಡಿ ತರಬೇತಿಗೆ ಹಾಕುತ್ತೇನೆ, ಟ್ರ್ಯಾಕ್ಟರ್ ಮಾರಿದರೂ ಸರಿ ಎಂದರು. ನಾನು ಗದರಿಸಿದೆ. ಕೋಟಿ ಕಂಡವರು ಹತ್ತು ಜನ, ಕಾಣದವರು ಹತ್ತು ಸಾವಿರ ಎಂದು ಲೆಕ್ಕ ಹೇಳಿ ಪಿಯುಸಿ ವಿಜ್ಞಾನಕ್ಕೆ ಸೇರಿಸಿದೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಹುಡುಗ ಎರಡು ವರ್ಷ ಅಂಕಣಕ್ಕೇ ಇಳಿಯಲಿಲ್ಲ, ಕೊನೆಗೆ ಫೇಲೂ ಆದ. ಭೌತಶಾಸ್ತ್ರದಲ್ಲಿ, ನನ್ನದೇ ವಿಷಯದಲ್ಲಿ. ಎರಡನೇ ಸಲ ಪಾಸಾಗಿ ಐಟಿಐ ಸೇರಿದ. ಬೀಜಗಳನ್ನು ಎಣಿಸದೆ ನಾನೂ ಒಂದು ಜಾಡಿಗೆ ಬೆಲೆ ಕೂಗಿದ್ದೆ. ಅವನಪ್ಪ ಒಮ್ಮೆಯೂ ಅದನ್ನು ಎತ್ತಿ ಆಡಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತದೆ.

2025ರ ದಸರೆಗೆ ಸಂಡೂರಿನವರು ಅವನನ್ನು ಕರೆಯಲಿಲ್ಲ. ಬೆಂಚಿನ ತುದಿಯ ಹುಡುಗ ಒಂದು ವರ್ಷದಲ್ಲಿ ಒಳ್ಳೆಯ ರೈಡರ್ ಆಗಿದ್ದನಂತೆ, ಮೂರು ಸಾವಿರ ಖರ್ಚು ಮಾಡುವ ಅಗತ್ಯವೇ ಬೀಳಲಿಲ್ಲ. ನಮ್ಮ ಹುಡುಗ ತಾನಾಗಿಯೇ ಕಂಪ್ಲಿಯವರ ಅಭ್ಯಾಸಕ್ಕೆ ಹೋಗಿ ನಿಂತ. ಯಾರೂ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಪಂದ್ಯದ ಹಿಂದಿನ ದಿನ ಅವನಪ್ಪ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕರು.

"ಅಂಗಿ ಕೊಟ್ಟಾರ್ರಿ ಸಾರ್. ಆದ್ರ ಬೆಂಚಿನ ಮ್ಯಾಲೆ ಕೂಡಿಸ್ಯಾರ," ಎಂದರು.

"ಏನಂತಾನೆ?"

"ಏನೂ ಅನ್ನಲ್ರಿ. ಕೂತಾನ. ನಾಳೆ ಸಂಡೂರಿನೋರ ಜೋಡಿ ಮ್ಯಾಚ್ ಐತಿ, ಬರ್ತೀರೇನು?"