ಓದ್ದೆ ಸಹಿ ಹಾಕ್ಬೇಡ ಮಾಣಿ

ಆ ವರ್ಷ ಆಷಾಢದ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಬೈಂದೂರು ಕಡೆಯ ಮನೆಯೊಂದರ ಬಚ್ಚಲೊಲೆಯ ಮುಂದೆ ನಾಲ್ವರು ಕೂತಿದ್ದೆವು: ಕುಂದಾಪುರದ ವಕೀಲರು, ಅವರ ಗುಮಾಸ್ತನಾಗಿದ್ದ ನಾನು, ಬ್ರಹ್ಮಾವರದ ನಿವೃತ್ತ ಸುಬೇದಾರರು, ತಲೆಯನ್ನೇ ಎತ್ತದ ಒಬ್ಬ ಸಿಪಾಯಿ.

ಅವನು ರಜೆಯಲ್ಲಿದ್ದಾಗ ಅಬ್ಬಿಗೆ, ಅಂದರೆ ತಾಯಿಗೆ, ಕಾಯಿಲೆ ಜೋರಾಗಿತ್ತು. ರಜೆ ಮುಗಿದರೂ ಆಸ್ಪತ್ರೆ ಬಿಟ್ಟು ಹೊರಡಲಾಗಲಿಲ್ಲ. ಆಮೇಲೆ ಹೆದರಿಕೆ ಹಿಡಿಯಿತು; ಫೋನೂ ಆಫ್. ಪಲ್ಟನ್ನಿನಿಂದ ಬಂದ ಇಂಗ್ಲಿಷ್ ಕಾಗದವನ್ನು ಅಬ್ಬಿ ಅಕ್ಕಿಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದರು.

ಸುಬೇದಾರರು ಕಾಗದ ಓದಿ ಕೇಳಿದ್ದು ಒಂದೇ, “30 ದಿನ ಆಯ್ತಾ?”

“ಇನ್ನೂ ಇಲ್ಲೆ ಸಾಹೇಬ್ರೆ.”

“ಹಂಗಾರೆ ನಾಳೆಯೇ ಹೊರಡ್.”

1950ರ ಸೇನಾ ಕಾಯ್ದೆಯ ಪ್ರಕಾರ 30 ದಿನ ದಾಟಿದರೆ ವಿಚಾರಣಾ ಮಂಡಳಿ ಕೂರುತ್ತದೆ, ಆಮೇಲೂ ಸಿಗದಿದ್ದರೆ ‘ಭಗೋಡಾ’, ಅಂದರೆ ಓಡಿಹೋದವನು, ಎಂದು ದಾಖಲಾಗುತ್ತದೆ. ರಜೆಯಿಲ್ಲದ ಗೈರುಹಾಜರಿಗೆ ಹೆಚ್ಚೆಂದರೆ 3 ವರ್ಷ ಸಜೆ. ಸೇನೆ ಬಿಟ್ಟು ಓಡಿಹೋದನೆಂದು ಸಾಬೀತಾದರೆ 7 ವರ್ಷದವರೆಗೆ, ಯುದ್ಧಸೇವೆಯಲ್ಲಿದ್ದರೆ ಮರಣದಂಡನೆಯೂ ಉಂಟು. ಇಷ್ಟು ದೊಡ್ಡ ವ್ಯತ್ಯಾಸವನ್ನು ನಮ್ಮೂರ ತಂದೆತಾಯಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ವಕೀಲರದ್ದು ಪಾಲುಪಟ್ಟಿ, ಗಡಿ ತಕರಾರಿನ ಕೆಲಸ. ಆದರೂ ಕಾಯ್ದೆ ಪುಸ್ತಕ ತರಿಸಿ ರಾತ್ರಿಯಿಡೀ ಓದಿಕೊಂಡೇ ಬಂದಿದ್ದರು. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ಔಷಧಿ ಬಿಲ್ಲು, ಆಂಬುಲೆನ್ಸ್ ರಸೀದಿ ಎಲ್ಲ ಥಂಡಿ ಹಿಡಿದು ಅಂಟಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ, ಸ್ಟೀಲ್ ತಟ್ಟೆಯಲ್ಲಿ ಹರಡಿ, ಒಲೆಯ ಕಾವಿಗೆ ಹಿಡಿದು, ತಾರೀಕಿನ ಪ್ರಕಾರ ಪಿನ್ ಹಾಕಿದೆ. ಬಿಲ್ಲೊಂದರಲ್ಲಿ ಹುಡುಗನದೇ ಸಹಿ, ಅವನ ರಜೆ ಮುಗಿದ ಮಾರನೇ ದಿನದ್ದು. ವಕೀಲರು ಅದನ್ನು ಎಲ್ಲಕ್ಕೂ ಮೇಲೆ ಇಡಿಸಿದರು.

ಸುಬೇದಾರರು ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್‌ನ ಕತೆ ತೆಗೆದರು. ತನ್ನ ಕಮಾಂಡಿಂಗ್ ಆಫೀಸರ್ ಮೇಲೆ ದೂರು ಬರೆದವನು. ಶಿಕ್ಷೆಯಲ್ಲಿದ್ದಾಗ ಊಟ ಮಾಡು ಎಂಬ ಆಜ್ಞೆ ಮೀರಿದ ಅಂತ ಸಮ್ಮರಿ ಕೋರ್ಟ್ ಮಾರ್ಷಲ್, ಅಂದರೆ ಸೇನೆಯೊಳಗಿನ ತ್ವರಿತ ವಿಚಾರಣೆ, ಆಯಿತು. ಆ ಪೀಠದಲ್ಲಿ ಅದೇ ಆಫೀಸರೂ ಕೂತಿದ್ದರು! ವರ್ಷದ ಸಜೆ, ಮೇಲೆ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಕೆಲಸ ವಾಪಸು ಕೊಡಿಸಿತು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಆಗಷ್ಟೇ ಅಲ್ಲಿಗೆ ಹೋಗಿದ್ದ ಎಂ.ಎನ್. ವೆಂಕಟಾಚಲಯ್ಯನವರು. ಹುಡುಗ ಮೊದಲ ಸಲ ತಲೆ ಎತ್ತಿದ.

“ತಪ್ಪೊಪ್ಕಂಡ್ರೆ ಬೇಗ ಮುಗಿತ್ತ್ ಅಂದ್ ಯಾರಾರೂ ಹೇಳಿರೆ ಕೂಡ್ಲೆ ಹೂಂ ಅನ್ಬೇಡ. ಓದ್ದೆ ಸಹಿ ಹಾಕ್ಬೇಡ ಮಾಣಿ,” ಅಂದರು ಸುಬೇದಾರರು.

ವಕೀಲರು ಉಳಿದದ್ದನ್ನು ಕನ್ನಡದಲ್ಲೇ ಬರೆದುಕೊಟ್ಟರು. ಆರೋಪ ಕೇಳುವಾಗ ಸಾಕ್ಷಿಗೆ ನೀನೂ ಪ್ರಶ್ನೆ ಹಾಕಬಹುದು. ವಿಚಾರಣೆಗೆ 96 ಗಂಟೆ ಮೊದಲೇ ಆರೋಪಪಟ್ಟಿ ಕೈಗೆ ಬರಬೇಕು. ಸಮ್ಮರಿ ಕೋರ್ಟ್ ಮಾರ್ಷಲ್ ಆದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು, ವಕೀಲರನ್ನೂ ಸಹ. ಅವರು ಅಲ್ಲಿ ವಾದ ಮಾಡುವಂತಿಲ್ಲ, ನಿನಗೆ ಸಲಹೆ ಕೊಡಬಹುದು. ವಜಾ ಆದರೆ 2009ರಲ್ಲಿ ಶುರುವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕೊಚ್ಚಿಯಲ್ಲೂ ಅದರ ಪೀಠ ಇದೆ. ಆದರೆ ಅಲ್ಲಿಯವರೆಗೆ ಹೋಗದಂತೆ ಮೊದಲ ದಿನವೇ ನೋಡಿಕೊಳ್ಳಬೇಕು ಅಂತ ವಕೀಲರು ಒತ್ತಿ ಹೇಳಿದರು.

ಮಾರನೇ ದಿನ ಕುಂದಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆವು. ಕಮಾಂಡಿಂಗ್ ಆಫೀಸರ್ ಕಾಗದಗಳನ್ನೆಲ್ಲ ನೋಡಿದರಂತೆ. ಕೋರ್ಟ್ ಮಾರ್ಷಲ್ ಆಗಲಿಲ್ಲ. ಕೆಲವು ದಿನದ ಸಜೆ, ಗೈರಾದ ದಿನಗಳ ಸಂಬಳ ಕಡಿತ; ನೌಕರಿ ಉಳಿಯಿತು. ಸುದ್ದಿ ಬಂದ ದಿನ ಸುಬೇದಾರರು ಬ್ರಹ್ಮಾವರದಿಂದ ಬಸ್ಸು ಹತ್ತಿ ಬೈಂದೂರಿಗೆ ಹೋಗಿ, ಅಬ್ಬಿಗೆ ಖುದ್ದಾಗಿ ಹೇಳಿ ಬಂದರು.