ಮುಚ್ಚಿಟ್ಟ ಸೀಸೆಗಳು

ಪುಣೆಯ ನಮ್ಮ ಮನೆಯಲ್ಲಿ ಹತ್ತು ವರ್ಷಗಳಿಂದ ಒಂದು ಗುಟ್ಟಿನ ಪದ್ಧತಿಯಿತ್ತು. ವಿಜಯಪುರದಿಂದ ಅಪ್ಪ ಹೊರಟರೆಂಬ ಸುದ್ದಿ ಬಂದೊಡನೆ ನಮ್ಮ ವೈನ್ ಸೀಸೆಗಳು ಕಪಾಟಿನ ಮೇಲ್ಖಾನೆಗೆ, ಚಳಿಗಾಲದ ರಜಾಯಿಗಳ ಹಿಂದಕ್ಕೆ ಹೋಗುತ್ತಿದ್ದವು. ಅವರು ಊರಿಗೆ ಮರಳಿದ ಮೇಲೆ ಮತ್ತೆ ಕೆಳಗಿಳಿಯುತ್ತಿದ್ದವು. ಅಪ್ಪ ಎಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ; ಇಬ್ಬರೂ ಕರೆಯುವುದು ಅಪ್ಪ ಎಂದೇ. ಅವರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಅವರ ಅಣ್ಣ ಸಾರಾಯಿಗೆ ಬಲಿಯಾದವರು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅಪ್ಪ ಓಣಿಗೆಲ್ಲ ಪೇಡೆ ಹಂಚಿದ್ದರು. ದೊಡ್ಡಪ್ಪ ತೀರಿಕೊಂಡು ಆಗ ನಾಲ್ಕು ವರ್ಷಗಳಾಗಿದ್ದವು.

ಈ ಮಾರ್ಚಿನಲ್ಲಿ ಅಪ್ಪ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಬಂದು ಒಂದು ತಿಂಗಳು ನಮ್ಮಲ್ಲಿ ಉಳಿದರು. ಅದೇ ಹೊತ್ತಿಗೆ ನಾವು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದ ಒಂದು ಊಟವಿತ್ತು. ಕೆಂಪು ವೈನ್ ಮಾಂಸದೂಟಕ್ಕೆ ಹೊಂದುತ್ತದೆಂದು ಎಲ್ಲರೂ ಹೇಳುತ್ತಾರೆ; ನಮ್ಮ ರೊಟ್ಟಿಯೂಟಕ್ಕೆ ಯಾವುದು ಹೊಂದೀತು ಎಂದು ಮಿತ್ರ ದಂಪತಿಗಳೊಡನೆ ಕುಳಿತು ಹೋಲಿಸಿ ನೋಡುವ ಆಸೆ. ಇನ್ನೊಮ್ಮೆ ಮುಂದೂಡುವುದೇ, ಅಪ್ಪ ಮಲಗಿದ ಮೇಲೆ ಉಣ್ಣುವುದೇ ಎಂದು ನಾವು ಎರಡು ರಾತ್ರಿ ಪಿಸುಮಾತಿನಲ್ಲಿ ಚರ್ಚಿಸಿದೆವು. ನಲವತ್ತು ದಾಟಿದವರು ಹೀಗೆ ಪಿಸುಗುಡುವುದು ನಮಗೇ ನಾಚಿಕೆ ತಂದಿತು. ಮರುದಿನ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ನಿಮ್ಮ ಮನಿ, ನಿಮ್ಮ ಊಟ. ಅದಕ್ಕ ನಾ ಯಾಕ ಒಳಗ ಕುಂಡ್ರಲಿ?” ಎಂದರು.

ಶನಿವಾರ ಮೇಜಿನ ಮೇಲೆ ಮೂರು ಸೀಸೆಗಳಿದ್ದವು: ನಾಸಿಕದ ಶಿರಾಜ್, ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ ಸುವಿನ್ಯೋನ್ ಮತ್ತು ಶಿರಾಜ್ ಬೆರಕೆ, ಸೊಲ್ಲಾಪುರ ಜಿಲ್ಲೆಯ ಅಕಲೂಜದ ಸಾಂಜೊವೇಸೆ. ಪುಣೆಯ ಬೇಸಗೆಗೆ ವೈನ್ ಬಿಸಿಯೇರಿದರೆ ಮದ್ಯದ ಘಾಟೊಂದೇ ಮೂಗಿಗೆ ಹೊಡೆಯುತ್ತದೆಂದು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದಿದ್ದೆವು. ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ, ಬೆಣ್ಣೆ, ಶೇಂಗಾ ಗುರೆಳ್ಳು ತುಂಬಿದ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಕೆಂಪು ಮೆಣಸಿನ ರಂಜಕ, ಕೆನೆಮೊಸರು.

ಮೊದಲ ತುತ್ತಿಗೇ ನಂದಿಯ ಸೀಸೆ ನಮ್ಮನ್ನು ಸೋಲಿಸಿತು. ರಂಜಕದ ಮೇಲೆ ಅದನ್ನು ಕುಡಿದರೆ ಖಾರ ಇಮ್ಮಡಿಯಾಗಿ, ನಾಲಗೆ ಒಣಗಿ, ಕೊನೆಯಲ್ಲಿ ಕಹಿಯೊಂದೇ ಉಳಿಯಿತು. ಅದೇ ವೈನನ್ನು ಬೆಣ್ಣೆ ಸವರಿದ ರೊಟ್ಟಿಯೊಡನೆ ಕುಡಿದಾಗ ಒಗರು ಮೆತ್ತಗಾಗಿ, ನೇರಳೆ ಹಣ್ಣು ತಿಂದಂಥ ಹಿತವಾಯಿತು. ಶಿರಾಜ್ ಮಸಾಲೆಗೆ ಹೆದರಲಿಲ್ಲ. ಕರಿಮೆಣಸಿನ ಛಾಯೆ ಅದರಲ್ಲೇ ಇತ್ತು. ಆದರೆ ಎಣ್ಣೆಗಾಯಿಯ ಬೆಲ್ಲ ಅದನ್ನು ಸಪ್ಪೆ ಮಾಡಿತು. ಸಾಂಜೊವೇಸೆ ಎಲ್ಲಕ್ಕಿಂತ ತೆಳುವಾಗಿ, ಹುಳಿಯಾಗಿ ಕಂಡಿತ್ತು. ಎಣ್ಣೆಗಾಯಿಯ ಹುಣಿಸೆ ಬಾಯಲ್ಲಿರುವಾಗ ಆ ಹುಳಿಯೇ ಅದರ ಗುಣವಾಯಿತು. ಹುಳಿಗೆ ಹುಳಿ ಸೇರಿ ಎರಡೂ ಸೌಮ್ಯವಾದವು, ಎಣ್ಣೆಯ ಜಿಡ್ಡು ತೊಳೆದುಹೋಯಿತು. ಇಟಲಿಯ ಟಸ್ಕನಿಯಲ್ಲಿ ಟೊಮೆಟೊ ಅಡುಗೆಯ ಪಕ್ಕದಲ್ಲಿ ಬಾಳಿದ ದ್ರಾಕ್ಷಿಯದು. ಹುಣಿಸೆ ಅದಕ್ಕೆ ಪರಕೀಯವೆನಿಸಲಿಲ್ಲ.

ನಾವು ಹೀಗೆ ಅಂಕ ಹಾಕುತ್ತಿದ್ದಾಗ, ಕಪ್ಪು ಕನ್ನಡಕ ಹಾಕಿಕೊಂಡು ಮಜ್ಜಿಗೆ ಕುಡಿಯುತ್ತಿದ್ದ ಅಪ್ಪ, “ಒಗರು ಅಂತೀರಲ್ಲ, ಬೀಜ ಹಾಕಿ ಕೊಳಸ್ತಾರೇನು?” ಎಂದು ಕೇಳಿದರು. ಹೌದು, ಕೆಂಪು ವೈನಿಗೆ ಸಿಪ್ಪೆ, ಬೀಜಗಳ ಸಮೇತ ಹುದುಗು ಬರಿಸುತ್ತಾರೆ, ಬಣ್ಣ ಬರುವುದು ಸಿಪ್ಪೆಯಿಂದಲೇ ಎಂದೆವು. ಅವರು ನಂದಿಯ ಗ್ಲಾಸನ್ನು ಎತ್ತಿ ಮೂಸಿದರು. ಅವರ ಕೈಯಲ್ಲಿ ಅಂಥ ಗ್ಲಾಸನ್ನು ನಾವು ಕಂಡದ್ದು ಅದೇ ಮೊದಲು.

“ಕಾಯಿ ಸಣ್ಣ ಇರಬೇಕು ಇದರದು.”

ಹೇಗೆ ತಿಳಿಯಿತೆಂದು ಕೇಳಿದೆವು. ಅವರ ವಿವರಣೆಯಲ್ಲಿ ಐವತ್ತು ವರ್ಷಗಳ ತೋಟವಿತ್ತು. ಕಾಯಿ ದಪ್ಪವಾದಷ್ಟೂ ನೀರು ಹೆಚ್ಚು, ಸಿಪ್ಪೆಯ ಪಾಲು ಕಡಿಮೆ. ತಮ್ಮ ಥಾಮ್ಸನ್ ಸೀಡ್‌ಲೆಸ್‌ಗೆ ಅವರು ಬೇಡುವುದು ಆ ದಪ್ಪವನ್ನೇ: ಅಕ್ಟೋಬರ್ ಚಾಟ್ನಿಯಾದ ಮೇಲೆ ಗೊನೆ ವಿರಳ ಮಾಡಿ, ಕಾಯಿ ಉದ್ದವಾಗಲೆಂದು ಜಿ.ಎ. ಕೊಟ್ಟು, ಗಿರಾಕಿಗೆ ಬೀಜವಿಲ್ಲದ, ತೆಳು ಸಿಪ್ಪೆಯ ಹಣ್ಣನ್ನು ಒಪ್ಪಿಸಬೇಕು. ಬೆಲೆ ಬಿದ್ದ ವರ್ಷ ಅದನ್ನೇ ನೆರಳಲ್ಲಿ ಒಣಗಿಸಿ ಮಣೂಕ ಮಾಡಬೇಕು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. “ನಾವು ಹೊರಗ ಹಾಕಿದ್ದನ್ನ ಇವರು ಕುಡೀಲಿಕ್ಕೆ ಇಟಗೊಂಡಾರ ನೋಡ್ರಿ,” ಎಂದು ನಕ್ಕರು. ವೈನ್ ಬಗ್ಗೆ ಹತ್ತು ವರ್ಷ ಓದಿ ನಾವು ಕಲಿತದ್ದಕ್ಕಿಂತ ಹೆಚ್ಚಿನದನ್ನು ಅವರು ಒಂದೇ ಸಲ ಮೂಸಿ ಹೇಳಿದ್ದರು. ಇಷ್ಟು ವರ್ಷ ನಾವು ಸೀಸೆಗಳನ್ನು ಬಚ್ಚಿಟ್ಟದ್ದು, ಅವುಗಳೊಳಗಿನ ಹಣ್ಣನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರಿಂದ.

ಅವರು ಕುಡಿಯಲಿಲ್ಲ. ರುಚಿ ನೋಡಿ ಎಂದು ಮಿತ್ರರು ಉತ್ಸಾಹದಿಂದ ಒತ್ತಾಯಿಸಿದಾಗ ಗ್ಲಾಸನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ, “ನಮ್ಮಣ್ಣನೂ ಹೊಸದರಾಗ ರುಚೀನ ನೋಡ್ತಿದ್ದ,” ಎಂದರು. ಸಿಟ್ಟಿರಲಿಲ್ಲ, ಆದರೂ ಮೇಜಿನ ಸುತ್ತ ಒಂದು ಗಳಿಗೆ ಯಾರ ಕೈಯೂ ಗ್ಲಾಸಿನತ್ತ ಹೋಗಲಿಲ್ಲ. ಇದು ಸಾರಾಯಿಯಲ್ಲ, ಊಟದ ಜೊತೆಯ ಪಾನೀಯ ಎಂದು ವಾದಿಸಲು ನಾವು ಎಷ್ಟೋ ವರ್ಷಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದೆವು. ಅದನ್ನು ಅಲ್ಲಿ ಆಡುವುದು ಸಣ್ಣತನವೆನಿಸಿತು. ಸಾಲದಲ್ಲಿ ಹೋದ ದೊಡ್ಡಪ್ಪನ ಎರಡು ಎಕರೆಯನ್ನು ಬಿಡಿಸಿಕೊಂಡದ್ದು ಅಪ್ಪ. ದೊಡ್ಡಮ್ಮನ ಮಕ್ಕಳನ್ನು ಓದಿಸಿದ್ದೂ ಅಪ್ಪ. ಹೊಂದಾಣಿಕೆಯ ಅಂಕಪಟ್ಟಿಯಲ್ಲಿ ಅದಕ್ಕೆಲ್ಲ ಜಾಗವಿರಲಿಲ್ಲ.

ಮಿತ್ರರು ಹೊರಟಾಗ ಹನ್ನೊಂದು ದಾಟಿತ್ತು. ಮೂರೂ ಸೀಸೆಗಳಲ್ಲಿ ಅರ್ಧದಷ್ಟು ಉಳಿದಿತ್ತು. ನಾವು ಬಿರಡೆ ಒತ್ತಿ ಒಂದೊಂದನ್ನೇ ಫ್ರಿಜ್ಜಿನಲ್ಲಿಡುತ್ತಿದ್ದೆವು. ಮಲಗಲು ಹೊರಟಿದ್ದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೂರನೆಯ ಸೀಸೆ ಒಳಗೆ ಹೋಗುವವರೆಗೆ ನೋಡಿದರು.

“ಉಳಸಿ ಮುಚ್ಚಿಡೋದನ್ನ ನಾ ಇವತ್ತ ನೋಡಿದೆ,” ಎಂದರು. ಸ್ವಲ್ಪ ತಡೆದು, “ಹಿಂಗ ಮುಚ್ಚಿಡ್ರಿ. ನನ್ನಿಂದ ಮುಚ್ಚಿಡಬ್ಯಾಡ್ರಿ,” ಎಂದು ಒಳಗೆ ಹೋದರು.

ಉಳಿದ ಸಾಂಜೊವೇಸೆಯನ್ನು ನಾವು ಮೂರನೆಯ ದಿನ ಮತ್ತೆ ಎಣ್ಣೆಗಾಯಿಯೊಡನೆ ಕುಡಿದೆವು. ಆಗಲೂ ಚೆನ್ನಾಗಿಯೇ ಇತ್ತು. ಎದುರಿಗೆ ಅಪ್ಪ ಕುಳಿತಿದ್ದರು. ನಾವು ಎರಡನೆಯ ಸಲ ಗ್ಲಾಸಿಗೆ ಬಗ್ಗಿಸಲಿಲ್ಲ. ಅವರೂ ಎಣಿಸಿದಂತೆ ಕಾಣಲಿಲ್ಲ.