ಎಡಮೂಲೆಯ ಲೆಕ್ಕ

ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು, ಇಡೀ ಪಂದ್ಯಕ್ಕೆ 40 ನಿಮಿಷ. ಒಂದು ತಂಡದ ಪಾಲಿಗೆ ಬರುವುದು ಸುಮಾರು ನಲವತ್ತು ರೈಡು. ಆ ನಲವತ್ತರಲ್ಲಿ ನುಗ್ಗಿ ಅಂಕ ತರಬೇಕೋ, ಅಥವಾ ಸುಮ್ಮನೆ ಹೋಗಿ ಬಂದು, ಎದುರಿನವನು ನಮ್ಮ ಅಂಗಳಕ್ಕೆ ಬಂದಾಗ ಹಿಡಿದು ಗೆಲ್ಲಬೇಕೋ? ಪರೇಲಿನ ಒಂದು ಹಳೇ ಚಾಳಿನ ಎರಡನೇ ಮಾಳಿಗೆಯಲ್ಲಿ ಈ ಪ್ರಶ್ನೆ ಮಾವ ಅಳಿಯನ ನಡುವೆ ಎರಡು ವರ್ಷಗಳಿಂದ ಬಗೆಹರಿದಿಲ್ಲ.

ಮಾವ ಕುಂದಾಪುರದ ಕಡೆಯವರು. 1974ರಲ್ಲಿ ಹೋಟೆಲಿನಲ್ಲಿ ಕಪ್ಪು ತೊಳೆಯಲು ಬಂದ ಹುಡುಗ, ರಾತ್ರಿ ಶಾಲೆಯಲ್ಲಿ ಓದಿ, ಒಂದು ಗಿರಣಿಯಲ್ಲಿ ಬದಲಿ ಕಾರ್ಮಿಕನಾದರು. ಗಿರಣ್‌ಗಾಂವ್‌ನಲ್ಲಿ ಆಗ ಪಾಳಿ ಮುಗಿದ ಮೇಲೆ ಮಾಡಲು ಇದ್ದದ್ದು ಎರಡು ಕೆಲಸ, ಭಜನೆ ಮತ್ತು ಕಬಡ್ಡಿ. ಅವರು ಕಬಡ್ಡಿ ಹಿಡಿದರು. ಮಣ್ಣಿನ ಅಂಕಣ, ಬರಿಗಾಲು, ಸುತ್ತ ಮರಾಠಿ. ರೈಡಿಗೆ ‘ಚಢಾಯಿ’, ಹಿಡಿತಕ್ಕೆ ‘ಪಕಡ್’, ಇಡೀ ತಂಡ ಔಟಾದರೆ ‘ಲೋಣ’. ಅವರ ಜಾಗ ಎಡಮೂಲೆ, ಅಂದರೆ ‘ಡಾವಾ ಕೋಪರಾ’. ಬಲಗೈ ರೈಡರುಗಳು ಹೆಚ್ಚಾಗಿ ನುಗ್ಗುವುದು ಆ ಕಡೆಗೇ. ಅಲ್ಲಿ ನಿಂತವನು ಕಾಲಿನ ಗಿಣ್ಣು ಹಿಡಿಯಲು ಬಗ್ಗುವ ಕ್ಷಣದಲ್ಲಿ ಮುಖಕ್ಕೆ ಒದೆ ಬೀಳಬಹುದು, ಮೊಣಕಾಲು ತಿರುಚಬಹುದು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಒಳಗೆ ಹೋಗಲಾಗದೆ ಉಳಿದವರಲ್ಲಿ ಮಾವನೂ ಒಬ್ಬರು. ಮತ್ತೆ ಹೋಟೆಲು, ಈ ಸಲ ಗಲ್ಲೆಯಲ್ಲಿ.

ಕೊನೆಯ ತಂಗಿಯ ಮಗ ಈಗ ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಾನೆ, ಸಂಜೆ ಕ್ಲಬ್ಬಿನಲ್ಲಿ ಆಡುತ್ತಾನೆ. ಅಳಿಯಸಂತಾನದ ಊರಿನಲ್ಲಿ ಮಾವನ ಆಸ್ತಿ ಅಳಿಯನಿಗೆ ಬರುತ್ತಿತ್ತು. ಇವರ ಹತ್ತಿರ ಕೊಡಲು ಇರುವುದು ಎಡಮೂಲೆಯೊಂದೇ. ಅದು ಅಳಿಯನಿಗೆ ಬೇಡ. ಅವನಿಗೆ ರೈಡರ್ ಆಗಬೇಕು.

ಇದು ಬರೀ ಹುಡುಗಾಟದ ಜಗಳವಲ್ಲ. ಮುಂಬೈಯಲ್ಲಿ ಕಬಡ್ಡಿ ಇಂದಿಗೂ ನೌಕರಿಯ ದಾರಿ. ರೈಲ್ವೆ, ಪೊಲೀಸ್, ಭಾರತ್ ಪೆಟ್ರೋಲಿಯಂ, ಮಹೀಂದ್ರಾ ಎಲ್ಲರಿಗೂ ತಂಡಗಳಿವೆ. ಆಯ್ಕೆಯ ದಿನ ಹುಡುಗನಿಗೆ ಸಿಗುವುದು ಕೆಲವೇ ನಿಮಿಷ. ರೈಡರ್ ಆ ಕೆಲವು ನಿಮಿಷಗಳಲ್ಲಿ ಕಣ್ಣಿಗೆ ಬೀಳುತ್ತಾನೆ. ಮೂಲೆಯವನು, ಅವನ ಕಡೆ ಯಾರೂ ಬರದಿದ್ದರೆ, ಇಡೀ ಹೊತ್ತು ಕೈ ಹಿಡಿದು ನಿಂತೇ ಮುಗಿಸುತ್ತಾನೆ. ಅಳಿಯನ ವಾದ ಇಷ್ಟೇ, ಮತ್ತು ಅದರಲ್ಲಿ ಹುರುಳಿದೆ.

“ರೈಡ್ ಮಾಡೂಕೆ ಯಾರಿಗಾದ್ರೂ ಮನ್ಸ್ ಬತ್ತ್. ಹಿಡೂಕೆ ಧೈರ್ಯ ಬೇಕ್,” ಅಂತ ಮಾವ. ಇದು ವಾದವಲ್ಲ, ಬರೀ ಚುಚ್ಚುಮಾತು. ಅವರ ನಿಜವಾದ ವಾದ ಲೆಕ್ಕದಲ್ಲಿದೆ. ರೈಡರ್ ಒಬ್ಬನನ್ನು ಮುಟ್ಟಿದರೆ ಒಂದು ಅಂಕ, ರೈಡರನ್ನು ಹಿಡಿದರೂ ಒಂದು ಅಂಕ. ಹಾಳೆಯ ಮೇಲೆ ಎರಡೂ ಸಮ. ಆದರೆ ಮುಟ್ಟಿಸಿಕೊಂಡು ಹೊರಗೆ ಹೋಗುವವನು ಏಳರಲ್ಲಿ ಯಾರೋ ಒಬ್ಬ. ಹಿಡಿತದಲ್ಲಿ ಹೊರಗೆ ಹೋಗುವವನು ಎದುರಾಳಿಯ ಅತ್ಯುತ್ತಮ ಆಟಗಾರ. ಅವನ ತಂಡಕ್ಕೆ ಅಂಕ ಬಂದು ಅವನ ಸರದಿ ಬರುವ ತನಕ ಅವನು ಹೊರಗೇ ಕೂರಬೇಕು, ಆ ಅಂಕ ತರಬೇಕಾದವರು ಅವನಿಗಿಂತ ಕಡಿಮೆಯವರು. ಫಲಕದಲ್ಲಿ ಕಾಣುವುದು ಒಂದೇ ಅಂಕ. ನಿಜವಾಗಿ ಗೆದ್ದದ್ದು ಆ ಐದಾರು ನಿಮಿಷ.

ಅಳಿಯ ಮೊಬೈಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಾನೆ. ಅಲ್ಲಿನ ಹಳೆಯ ಜಗಳವೂ ಇದೇ ಜಾತಿಯದು. ನಾಲ್ಕು ಪ್ರಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಚೆಂಡನ್ನು ಎದೆಗವುಚಿ ಓಡಬಹುದು, ಇಲ್ಲವೇ ಮುಂದಕ್ಕೆ ಎಸೆಯಬಹುದು. ಓಡಿದರೆ ಮೂರೋ ನಾಲ್ಕೋ ಗಜ, ಆದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆದದ್ದು ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಓಟವನ್ನು ನಂಬಿದ ಕೋಚುಗಳು ಎಣಿಸುತ್ತಿದ್ದದ್ದು ಗಜಗಳನ್ನು ಮಾತ್ರವಲ್ಲ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಬೆಂಚಿನ ಮೇಲೆ ಕೂತ ನಿಮಿಷಗಳನ್ನೂ. ಇದನ್ನು ಕೇಳಿ ಮಾವನಿಗೆ ಬಹಳ ಖುಷಿಯಾಯಿತು. “ಅವ್ರಿಗೂ ಗೊತ್ತಿತ್ತಲೆ!”

ಆದರೆ ಅಳಿಯ ಕಥೆಯ ಮುಂದಿನ ಭಾಗವನ್ನೂ ಹೇಳಿದ. 1978ರಲ್ಲಿ ಅಲ್ಲಿ ನಿಯಮ ಬದಲಾಯಿತು. ಚೆಂಡು ಹಿಡಿಯಲು ಓಡುವವನನ್ನು ಐದು ಗಜದಾಚೆ ತಡೆಯುವಂತಿಲ್ಲ ಎಂದರು. ಎಸೆತ ಸುಲಭವಾಯಿತು, ಆಟ ನಿಧಾನವಾಗಿ ಆ ಕಡೆಗೆ ವಾಲಿತು. ಯಾರ ಸಿದ್ಧಾಂತವೂ ಸೋಲಲಿಲ್ಲ, ಬೆಲೆಪಟ್ಟಿ ಬದಲಾಯಿತು ಅಷ್ಟೆ.

ಕಬಡ್ಡಿಗೂ ಇದು ಹೊಸದಲ್ಲ. ಹಿಂದೆ ಸಂಜೀವನಿ, ಗಾಮಿನಿ, ಅಮರ್ ಎಂದು ಬೇರೆ ಬೇರೆ ಪದ್ಧತಿಗಳಿದ್ದವು. ಗಾಮಿನಿಯಲ್ಲಿ ಔಟಾದವನು ಮರಳುವುದಿಲ್ಲ. ಅಮರದಲ್ಲಿ ಔಟಾದರೂ ಹೊರಗೆ ಹೋಗುವುದಿಲ್ಲ, ಎದುರಾಳಿಗೆ ಅಂಕ ಮಾತ್ರ. ಈಗ ಉಳಿದಿರುವುದು ಸಂಜೀವನಿ: ಒಂದು ಅಂಕಕ್ಕೆ ಒಬ್ಬ ಮರಳುತ್ತಾನೆ. ಅಮರ ಪದ್ಧತಿಯಲ್ಲಿ ಮಾವನ ಲೆಕ್ಕಕ್ಕೆ ಕಾಸಿನ ಬೆಲೆಯಿಲ್ಲ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಟಿವಿಗಾಗಿ ಆಟವನ್ನು ಇನ್ನಷ್ಟು ಬಿಗಿ ಮಾಡಿತು. ಎರಡು ರೈಡು ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ರೈಡರ್ ಔಟು. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ಹಿಡಿದರೆ ಎರಡು ಅಂಕ. ಸುಮ್ಮನೆ ಹೋಗಿಬರುವ ಆಟ ನಿಲ್ಲಲಿ ಎಂದು ತಂದ ಮೊದಲ ನಿಯಮದಿಂದ ಲಾಭವಾದದ್ದು, ತಮಾಷೆಯೆಂದರೆ, ಹಿಡಿಯುವವರಿಗೂ ಹೌದು. ಮೂರನೇ ರೈಡಿಗೆ ಬರುವವನು ಒಳಗೆ ನುಗ್ಗಲೇಬೇಕು, ಮೂಲೆಯವನಿಗೆ ಅದು ಮೊದಲೇ ಗೊತ್ತು.

ಇಬ್ಬರಿಗೂ ಸಾಕ್ಷಿ ಪರೇಲಿನ ಪಕ್ಕದಲ್ಲೇ ಇದೆ. ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ 2015ರ ಆಗಸ್ಟ್ 23ರಂದು ಯು ಮುಂಬಾ 36–30ರಿಂದ ಬೆಂಗಳೂರು ಬುಲ್ಸ್ ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಅನೂಪ್ ಕುಮಾರ್ ನಾಯಕ, ಮೂಲೆಗಳಲ್ಲಿ ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್. ಮಾವ ಆ ಜೋಡಿಯ ಬಗ್ಗೆ ಮಾತಾಡುವಾಗ ಧ್ವನಿ ತಗ್ಗಿಸುತ್ತಾರೆ, ದೇವರ ಕೋಣೆಯಲ್ಲಿ ಮಾತಾಡಿದ ಹಾಗೆ. ಅಳಿಯ ಅದೇ ಒಳಾಂಗಣದ 2019ರ ಜನವರಿ 5ನ್ನು ನೆನಪಿಸುತ್ತಾನೆ. ಗುಜರಾತ್ ತಂಡದ ಹೆಸರಾಂತ ರಕ್ಷಣೆಯ ಎದುರು ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಬುಲ್ಸ್ 38–33ರಿಂದ ಗೆದ್ದಿತು. ಅಂತಹ ರಾತ್ರಿಯ ಎದುರು ಲೆಕ್ಕ ನಿಲ್ಲುವುದಿಲ್ಲ.

ಅಂತಹ ರಾತ್ರಿ ಎಷ್ಟು ಸಲ ಬರುತ್ತದೆ ಎಂಬುದು ಮಾತ್ರ ಬೇರೆ ಪ್ರಶ್ನೆ. ಹತ್ತನೇ ಆವೃತ್ತಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು ಕೊಂಡಿತು. ಮುಖ್ಯವಾಗಿ ಹಿಡಿಯುವವನು, ಅದೂ ಎಡಮೂಲೆಯವನು. ಕರ್ನಾಟಕದ ಬಿ.ಸಿ. ರಮೇಶ್ ಕೋಚ್ ಆಗಿದ್ದ ಆ ತಂಡ ಪ್ರಶಸ್ತಿ ಗೆದ್ದಿತು. ಮರುವರ್ಷ ಶಾದ್ಲೂಯಿ ಹರಿಯಾಣಾ ಸ್ಟೀಲರ್ಸ್ ಸೇರಿದ. ಪ್ರಶಸ್ತಿಯೂ ಅವನ ಹಿಂದೆಯೇ ಹೋಯಿತು. 2024ರ ಡಿಸೆಂಬರಿನ ಆ ಫೈನಲ್‌ನಲ್ಲಿ ಎದುರಿದ್ದ ಪಟ್ನಾದ ದೇವಾಂಕ್ ಆ ಆವೃತ್ತಿಯಲ್ಲಿ 300ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿದ್ದ. ಫೈನಲ್‌ನಲ್ಲಿ ಅವನಿಗೆ ದಕ್ಕಿದ್ದು ಬೆರಳೆಣಿಕೆಯಷ್ಟು. ಹರಿಯಾಣಾ 32–23ರಿಂದ ಗೆದ್ದಿತು. ಹಾಗೆಂದು ದೇವಾಂಕ್‌ಗೆ ಹೆಸರು ಕಡಿಮೆಯಾಗಲಿಲ್ಲ, ಸೋತ ತಂಡದ ರೈಡರ್ ಹೆಸರು ಉಳಿಯುತ್ತದೆ. ಅಳಿಯ ಹಿಡಿದದ್ದು ಇದನ್ನೇ. ತಂಡ ಗೆಲ್ಲುವ ದಾರಿ ಮತ್ತು ಒಬ್ಬ ಹುಡುಗನಿಗೆ ನೌಕರಿ ಸಿಗುವ ದಾರಿ ಒಂದೇ ಆಗಿರಬೇಕಿಲ್ಲ. ಮಾವನ ಲೆಕ್ಕ ಎಲ್ಲ ಕಡೆ ಸರಿ, ಇಲ್ಲೊಂದು ಕಡೆ ಅದಕ್ಕೆ ಉತ್ತರವಿಲ್ಲ. ಗಿರಣಿಯಲ್ಲಿ ಖಾಯಂ ಆಗದೆಯೇ ಹೊರಬಿದ್ದ ಮನುಷ್ಯನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಕಳೆದ ತಿಂಗಳು ಒಂದು ಆಯ್ಕೆಯ ಅರ್ಜಿ ಬಂತು. ಸ್ಥಾನ ಎಂಬಲ್ಲಿ ಅಳಿಯ ರೈಡರ್ ಎಂದು ತುಂಬಿ ಮಾವನ ಮುಂದೆ ಇಟ್ಟ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು, ಏನೂ ಹೇಳಲಿಲ್ಲ. ರಾತ್ರಿ ಊಟವಾದ ಮೇಲೆ ಚಾಳಿನ ಉದ್ದ ಪಡಸಾಲೆಯಲ್ಲಿ ಚಪ್ಪಲಿಗಳನ್ನು ಬದಿಗೆ ಸರಿಸಿ, ಸರಿಯಾಗಿ ಮಡಚದ ಆ ಮೊಣಕಾಲನ್ನು ಕೈಯಿಂದ ಹಿಡಿದು ಎಡಗಡೆಯ ಗೋಡೆಗೆ ಒರಗಿ ನಿಂತರು. “ಬಾ, ನುಗ್ಗ್,” ಎಂದರು. ಮೂರನೇ ಸಲ ಬಂದಾಗ ಹೇಳಿದರು: ಕಾಲು ಚಾಚುವ ಮೊದಲು ನಿನ್ನ ಹಿಂದಿನ ಹಿಮ್ಮಡಿ ಏಳುತ್ತದೆ, ಮೂಲೆಯವನು ನೋಡುವುದು ಅದನ್ನು, ನಿನ್ನ ಮುಖವನ್ನಲ್ಲ.